ಅಡುಗೆಮನೆಯ ಬಣ್ಣವೇ ಸಾಕಿತ್ತು

ಬಳ್ಳಾರಿ ಸೀಮೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಹೊತ್ತೇರಿದರೆ ಅಂಗಳದ ಬಂಡೆಯ ಮೇಲೆ ಕಾಲಿಡಲಾಗುವುದಿಲ್ಲ. ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಒಳಗೆ ಕೂಡಿಟ್ಟರೆ ಅವು ಸುಮ್ಮನಿರುವುದಿಲ್ಲ. 1893ರಲ್ಲೂ ಹೀಗೇ ಇತ್ತು. ಆ ವರ್ಷದ ವೈಶಾಖದಲ್ಲಿ ಕುರುಗೋಡಿನ ಗಿರಿಜಾಬಾಯಿಗೆ ಏನಾಯಿತು, ಕೇಳಿ.

ಗಂಡ ಮಧುಸೂದನರಾಯರು ಬಳ್ಳಾರಿಯ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಏಳು ವರ್ಷದ ಮಗ ಪ್ರಾಣೇಶ, ನಾಲ್ಕು ವರ್ಷದ ಮಗಳು ಇಂದಿರಾ. ಆಗಷ್ಟೇ ನಾದಿನಿಯ ಮದುವೆ ಮುಗಿದಿತ್ತು. ಮದುವೆಗೆಂದು ಗೋಡೆಯ ಮೇಲೆ ಚಿತ್ರ ಬರೆದ ಚಿತ್ರಗಾರರು ಉಳಿದ ಹಳದಿ ಬಣ್ಣದ ಪೊಟ್ಟಣವೊಂದನ್ನು ಬಿಟ್ಟುಹೋಗಿದ್ದರು. ಅದು ಅರದಾಳ, ಬಂಗಾರದಂತೆ ಹೊಳೆಯುವ ಕಲ್ಲಿನ ಪುಡಿ.

"ಅವ್ವಾ, ನಾನೂ ಗಿಳಿ ಬರೀತೀನಿ. ಬಣ್ಣ ಕೊಡವಾ," ಎಂದು ಪ್ರಾಣೇಶ ಬೆಳಗಿನಿಂದ ಗಂಟುಬಿದ್ದಿದ್ದ.

"ತಗೋಪಾ. ಬಿಸಲಾಗ ಮಾತ್ರ ಹೋಗಬ್ಯಾಡ," ಎಂದು ಗಿರಿಜಾಬಾಯಿ ತಾನೇ ಪೊಟ್ಟಣ ಬಿಚ್ಚಿ ಕೊಟ್ಟಳು. ಮನೆಯಲ್ಲಿ ಅಡುಗೆ ಕೆಲಸವಿತ್ತು. ಮಗ ಸುಮ್ಮನೆ ಕುಳಿತನಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಹುಡುಗ ಹಂಚಿನ ಚೂರಿನ ಮೇಲೆ ಗಿಳಿ ಬರೆದ. ಕಡ್ಡಿಗೆ ಸುತ್ತಿದ ಅರಳೆ ದಪ್ಪವಾಯಿತೆಂದು ಮತ್ತೆ ಮತ್ತೆ ಬಾಯಲ್ಲಿಟ್ಟು ಚೂಪು ಮಾಡಿದ.

ಮಧ್ಯಾಹ್ನಕ್ಕೆ ವಾಂತಿ ಶುರುವಾಯಿತು. ಪಕ್ಕದ ಮನೆಯ ತಿರುಮಲಮ್ಮ ಬಂದು ನೋಡಿ, "ಬಿಸಲು ಬಡದದ. ಮಜ್ಜಿಗಿ ಕುಡಸು, ಇಳೀತದ," ಎಂದಳು. ಸಂಜೆಗೆ ಭೇದಿಯೂ ಹತ್ತಿತು. ಊರಿನವರು ವಾಂತಿಭೇದಿ ರೋಗವೆಂದರು, ದೇವರಿಗೆ ಮುಡಿಪು ಕಟ್ಟಿಸಿದರು. ಮರುದಿನ ಬೆಳಿಗ್ಗೆ ಹುಡುಗನ ಕೈಕಾಲು ತಣ್ಣಗಾದಾಗ ಗಾಡಿ ಹೂಡಿದರು. ಬಳ್ಳಾರಿಯ ದಾರಿಯಲ್ಲಿ ಕೊಳಗಲ್ಲು ಊರು ದಾಟುವವರೆಗೂ ಅವನು ನೀರು ಕೇಳುತ್ತಲೇ ಇದ್ದ. ಆಮೇಲೆ ಕೇಳಲಿಲ್ಲ.

ಬಳ್ಳಾರಿಯ ದವಾಖಾನೆಯಲ್ಲಿ ಹಂಪಕ್ಕನೆಂಬ ದಾದಿ ಅವನ ಬಾಯಿ ಒರೆಸಿದಳು. ಹಲ್ಲಿನ ಸಂದಿಯಲ್ಲಿ ಹಳದಿ ಕಂಡಿತು.

"ಏನ್ ತಿಂದಿದ್ದಾನವ್ವಾ ಹುಡುಗ?"

"ಏನೂ ತಿಂದಿಲ್ಲ. ಬಣ್ಣದಾಗ ಆಟ ಆಡತಿದ್ದ, ಅಷ್ಟ."

ಡಾಕ್ಟರು ನೋಡಿ, "ಅರದಾಳದಾಗ ಪಾಷಾಣ ಇರ್ತದ ತಾಯಿ. ನಿನ್ನೇನ ತರಬೇಕಿತ್ತು," ಎಂದರು. ಊಟದ ಹೊತ್ತಿಗೆ ಪ್ರಾಣೇಶ ತೀರಿಕೊಂಡ.

ಊರಿಗೆ ಬಂದ ಗಿರಿಜಾಬಾಯಿ ಆ ಪೊಟ್ಟಣವನ್ನು ಬಾವಿಯಿಂದ ದೂರ, ಆಳವಾದ ಗುಂಡಿ ತೋಡಿಸಿ ಹೂಳಿಸಿದಳು. ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, "ಹಳದಿ ಮುಟ್ಟಿದರ ಅಣ್ಣನಂಗ ಸಾಯ್ತಿ, ತಿಳೀತೇನು?" ಎಂದಳು.

ಇಂದಿರಾಗೆ ತಿಳಿಯಿತು. ಅಂದಿನಿಂದ ಅವಳು ತೊವ್ವೆ ಉಣ್ಣಲಿಲ್ಲ. ಪಲ್ಯದಲ್ಲಿ ಅರಿಶಿಣ ಕಂಡರೆ ತಟ್ಟೆ ಸರಿಸಿದಳು. ಬರಬರುತ್ತಾ ಬಿಳಿ ಅನ್ನದಲ್ಲೂ ಹಳದಿ ಹುಡುಕತೊಡಗಿದಳು. ತಿಂಗಳಾಗುವಷ್ಟರಲ್ಲಿ ಮಗುವಿನ ಪಕ್ಕೆಲುಬು ಎಣಿಸುವಂತಾಯಿತು. ಉಳಿದ ಇದೊಂದು ಕೂಸೂ ಕೈತಪ್ಪುತ್ತದೆ ಎಂದು ತಾಯಿ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದಳು.

ದವಾಖಾನೆಗೆ ಹೋದ ಯಾರೋ ಈ ಸುದ್ದಿಯನ್ನು ಹಂಪಕ್ಕನಿಗೆ ಹೇಳಿದರು. ಅವಳ ತವರು ಸಿರುಗುಪ್ಪ. ತವರಿಗೆ ಹೊರಟವಳು ಸುತ್ತಿನ ದಾರಿ ಹಿಡಿದು ಕುರುಗೋಡಿಗೆ ಬಂದಳು. ಜಗಲಿಯ ಮೇಲೆ ಕುಳಿತು, "ಅರಿಶಿಣ, ಗಂಜಿ, ಅಕ್ಕಿಹಿಟ್ಟು, ಎರಡು ಬೆಂಡಿಕಾಯಿ ಕೊಡ್ರಿ. ಕೂಸಿಗೆ ಬಣ್ಣದಾಟ ಕಲಸೋಣು," ಎಂದಳು.

ಗಿರಿಜಾಬಾಯಿ ಹೌಹಾರಿದಳು. "ಬಣ್ಣ? ಈ ಮನ್ಯಾಗ ಬಣ್ಣದ ಹೆಸರು ಎತ್ತಬ್ಯಾಡ್ರಿ. ಅದೂ ಹಳದಿನ, ಇದೂ ಹಳದಿನ. ಕೂಸು ನಂಬೂದರೂ ಹ್ಯಾಂಗ?"

"ಅದು ಕಲ್ಲಿನ ಪುಡಿ. ಇದು ನೀವು ದಿನಾ ಸಾರಿಗೆ ಹಾಕೋದು ಐತಿ. ಬಾಯಿಂದ ಹೇಳಿದರ ಕೂಸು ನಂಬಂಗಿಲ್ಲ. ಕಣ್ಣಮುಂದ ಮಾಡಿ ತೋರಸ್ರಿ."

ಹಂಪಕ್ಕ ಅರಿಶಿಣವನ್ನು ಗಂಜಿಯಲ್ಲಿ ಕಲಸಿದಳು, ಹಳದಿಯಾಯಿತು. ಅದರಲ್ಲಿ ಸ್ವಲ್ಪ ಬೇರೆ ತೆಗೆದು ತಾನೇ ಚಿಟಿಕೆ ಸುಣ್ಣ ಬೆರೆಸಿದಳು, ಕೆಂಪಾಯಿತು. "ಸುಣ್ಣ ಮಾತ್ರ ಹುಡುಗರ ಕೈಗೆ ಕೊಡಬ್ಯಾಡ್ರಿ, ಕಣ್ಣಿಗೆ ಬಿದ್ದರ ಕಣ್ಣೇ ಹೋಗತೈತಿ. ಕೆಂಪು ಬಣ್ಣ ದೊಡ್ಡವರೇ ಹಚ್ಚಿ ಕೊಡಬೇಕು," ಎಂದು ಎಚ್ಚರಿಸಿದಳು. ಮೆಂತ್ಯದ ಸೊಪ್ಪು ಅರೆದು ಹಿಂಡಿದರೆ ಹಸಿರು. ಬಸಳೆ ಹಣ್ಣು ಹಿಸುಕಿದರೆ ನೇರಳೆ. ಅಕ್ಕಿಹಿಟ್ಟು ಕದಡಿದರೆ ಬಿಳಿ. ಬೆಂಡೆಕಾಯನ್ನು ಅಡ್ಡಕ್ಕೆ ಕೊಯ್ದು ಬಣ್ಣದಲ್ಲಿ ಅದ್ದಿ ಮುತ್ತುಗದ ಎಲೆಯ ಮೇಲೆ ಒತ್ತಿದಳು. ಐದೆಸಳಿನ ಹೂವು ಮೂಡಿತು.

ಇಂದಿರಾ ಕಂಬ ಹಿಡಿದು ದೂರದಲ್ಲೇ ನಿಂತಿದ್ದಳು. ಹಂಪಕ್ಕ ಹಳದಿಯಲ್ಲಿ ಬೆರಳದ್ದಿ ನೆಕ್ಕಿದಳು. ಮಗು ಕಿರುಚಿಕೊಂಡು ತಾಯಿಯ ಸೆರಗು ಹಿಡಿಯಿತು.

"ನೀವೂ ನೆಕ್ಕರಿ ಅವ್ವಾ. ಕೂಸು ನಿಮ್ಮನ್ನ ನೋಡಾಕ ಹತ್ತೈತಿ."

ಗಿರಿಜಾಬಾಯಿ ಮಡಿಯನ್ನೂ ಮರೆತು ಅದೇ ಬಟ್ಟಲಿಗೆ ಬೆರಳಿಟ್ಟಳು, ನಾಲಗೆಗೆ ಹಚ್ಚಿಕೊಂಡಳು. ಇಂದಿರಾ ಬಹಳ ಹೊತ್ತು ತಾಯಿಯ ಮುಖವನ್ನೇ ನೋಡಿದಳು. ತಾಯಿ ಸಾಯಲಿಲ್ಲ. ಆಗ ಮೆಲ್ಲನೆ ಬಂದು ಕುಳಿತು ಬೆಂಡೆಕಾಯಿ ಹಿಡಿದಳು. ಒಂದು ಹೂವು, ಎರಡು ಹೂವು, ಎಲೆ ತುಂಬ ಹೂವು ಒತ್ತಿದಳು.

ನಂತರ ತಲೆಯೆತ್ತಿ ಕೇಳಿದಳು: "ಅಣ್ಣಗ ಈ ಬಣ್ಣ ಯಾಕ ಕೊಡಲಿಲ್ಲವ್ವಾ?"

ಗಿರಿಜಾಬಾಯಿ ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಹಂಪಕ್ಕ ಇನ್ನೊಂದು ಎಲೆಯನ್ನು ಮಗುವಿನ ಮುಂದೆ ಇಟ್ಟಳು.

ಅಂದು ಸಂಜೆ ಇಂದಿರಾ ಎರಡು ತುತ್ತು ತೊವ್ವೆ ಅನ್ನ ಉಂಡಳು. ಮಗು ಉಳಿಯಿತು. ತಾಯಿ ಮಾತ್ರ ಮೊದಲಿನಂತಾಗಲಿಲ್ಲ. ಪ್ರತಿ ಬೇಸಿಗೆ ಕುರುಗೋಡಿನ ಮನೆಮನೆಗೆ ಹೋಗಿ, "ನಿಮ್ಮನ್ಯಾಗ ಚಿತ್ರಗಾರರ ಬಣ್ಣ ಉಳದದೇನ್ರಿ? ಇದ್ದರ ಕೊಡ್ರಿ, ಹೂಳಿ ಬರ್ತೀನಿ," ಎಂದು ಕೇಳುತ್ತಿದ್ದಳು. ಕೆಲವರು ಅವಳಿಗೆ ತಲೆಕೆಟ್ಟಿದೆ ಎಂದರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಾಯಂದಿರೇ, ಅಕ್ಕತಂಗಿಯರೇ, ಬೇಸಿಗೆಯಲ್ಲಿ ಮಕ್ಕಳಿಗೆ ಬಣ್ಣ ಕೊಡಿ, ಆದರೆ ಬಾಯಿಗೆ ಹೋದರೂ ಅಪಾಯವಿಲ್ಲದ ಬಣ್ಣವನ್ನೇ ಕೊಡಿ. ಏನೆಂದು ನಿಮಗೇ ಗೊತ್ತಿಲ್ಲದ ಪುಡಿ ಮಗುವಿನ ಕೈಗೆ ಬೇಡ. ಅವರು ಬರೆಯುವಾಗ ಜೊತೆಯಲ್ಲಿ ಕುಳಿತುಕೊಳ್ಳಿ. ಗೊತ್ತಿಲ್ಲದ ಬಣ್ಣ ಬಾಯಿಗೆ ಹೋಗಿದೆ ಎಂದು ತಿಳಿದರೆ ವಾಂತಿ ಶುರುವಾಗುವವರೆಗೆ ಕಾಯಬೇಡಿ, ಬಿಸಿಲು ಬಡಿದಿದೆ ಎಂದು ಸುಮ್ಮನಾಗಬೇಡಿ. ಪೊಟ್ಟಣವನ್ನೂ ಮಗುವನ್ನೂ ಎತ್ತಿಕೊಂಡು ಆ ಗಳಿಗೆಯಲ್ಲೇ ದವಾಖಾನೆಗೆ ಹೊರಡಿ. ನಾಳೆ ಬೆಳಿಗ್ಗೆ ಎನ್ನಬೇಡಿ.