ರೊಟ್ಟಿ ಎತ್ತಿದ ಸೊಸೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಿರ್ಚಿ ಕರಿಯುವ ಈರಮ್ಮನಿಗೆ ನಾಗರಪಂಚಮಿ ಹತ್ತಿರ ಬಂದಂತೆಲ್ಲ ದಿಗಿಲು ಹೆಚ್ಚುತ್ತಿತ್ತು. ಮಗಳ ಮದುವೆಯಾದ ಮೇಲಿನ ಮೊದಲ ಪಂಚಮಿ. ಎಳ್ಳು, ಶೇಂಗಾದ ಉಂಡಿ ಕಟ್ಟಿಕೊಂಡು ಹೋಗಿ ಮಗಳನ್ನು ತವರಿಗೆ ಕರೆತರಬೇಕು. ಬೇರೆಯವರ ಮಗಳಾಗಿದ್ದರೆ ಬಸ್ಸು ಹತ್ತಿದರಾಯಿತು. ಈರಮ್ಮನ ಮಗಳು ಪಂಪಾವತಿ ಟೀವಿ ಧಾರಾವಾಹಿಯಲ್ಲಿ ಹೆಸರು ಮಾಡಿ, ಕುರುಗೋಡಿನ ದೊರೆಮನೆಯ ಕಿರಿಮಗ ಶಶಿಕಾಂತನನ್ನು ಕಟ್ಟಿಕೊಂಡಿದ್ದಳು. ರಾಜ್ಯ ಹೋಗಿ ನಾಲ್ಕು ತಲೆಮಾರು ಕಳೆದಿದ್ದರೂ ಊರಿಗೆ ಅವರು ದೊರೆಗಳೇ, ಮೊಬೈಲಿಗಂತೂ ಇನ್ನೂ ದೊಡ್ಡ ದೊರೆಗಳು.

ಆರು ತಿಂಗಳಿಂದ ಜನ ಪಂಪಾವತಿಯನ್ನು ಹುರಿದು ಮುಕ್ಕುತ್ತಿದ್ದರು. ಬಣ್ಣ ಕಪ್ಪು, ಜಾತಿ ಬೇರೆ, ತಾಯಿ ಮಿರ್ಚಿಯವಳು. ಹಿರಿಸೊಸೆ ಶಾಂಭವಿ ದೊಡ್ಡ ಮನೆತನದವಳು. ಅವಳು ಹತ್ತಿ ಸೀರೆ ಉಟ್ಟರೆ ಸರಳತೆ, ಪಂಪಾವತಿ ಉಟ್ಟರೆ ನಾಟಕ. ಇದನ್ನೆಲ್ಲ ಈರಮ್ಮನ ತಮ್ಮ, ಆಟೋ ಓಡಿಸುವ ಹೊನ್ನೂರಸ್ವಾಮಿ, ದಿನಾ ಒಲೆಯ ಪಕ್ಕ ನಿಂತು ಓದಿ ಹೇಳುತ್ತಿದ್ದ. ಓದಬೇಡವೆಂದರೆ ಕೇಳುವವನಲ್ಲ, ಓದದಿದ್ದರೆ ಅವಳೂ ಬಿಡುವವಳಲ್ಲ.

"ನಾ ಹೋಗಂಗಿಲ್ಲಪ್ಪ," ಎಂದಳು ಈರಮ್ಮ. "ನಾ ಹೋಗಿ ಬಾಗ್ಲಾಗ ನಿಂತ್ರ ಅದನ್ನೂ ವಿಡಿಯೋ ಮಾಡ್ತಾರ. ಆಕಿ ಮಾನ ಇನ್ನಷ್ಟು ಹೋಗ್ತೈತಿ."

ಅಷ್ಟರಲ್ಲಿ ಹೊಸ ವಿಡಿಯೋ ಬಂತು. ದೊರೆಮನೆಯ ಹಿರಿಯರ ಪುಣ್ಯಸ್ಮರಣೆ. ಅಂದು ಸೊಸೆಯಂದಿರು ಒಂದೇ ಬಣ್ಣದ ಸೀರೆ ಉಟ್ಟು, ಮೂಗಿನವರೆಗೆ ಸೆರಗೆಳೆದು ಬಡಿಸುವುದು ಆ ಮನೆಯ ಪದ್ಧತಿ. ಒಬ್ಬ ಸೊಸೆ ಸುಸ್ತಾಗಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಇನ್ನೊಬ್ಬಳು ನೆಲಕ್ಕೆ ಬಿದ್ದ ರೊಟ್ಟಿ ಎತ್ತಿ, ಕಣ್ಣಿಗೊತ್ತಿಕೊಂಡು, ತಾನೇ ತಿಂದಳು. ಯಾರು ಯಾರೆಂದು ಬ್ರಹ್ಮನಿಗೂ ತಿಳಿಯದು. ಸಿರುಗುಪ್ಪದಲ್ಲಿ ಚಾನೆಲ್ ನಡೆಸುವ ಹುಲಿಗೇಶನಿಗೆ ಮಾತ್ರ ತಿಳಿಯಿತು. ಮುಖ ಕಾಣದಿದ್ದರೇನು, ಗುಣ ಕಾಣುತ್ತದಲ್ಲ. ರೊಟ್ಟಿ ಎತ್ತಿದವಳಿಗೆ ಶಾಂಭವಿಯ ಹೆಸರು, ಕಾಲ ಮೇಲೆ ಕಾಲು ಹಾಕಿದವಳಿಗೆ ಪಂಪಾವತಿಯ ಹೆಸರು ಅಂಟಿಸಿದ. ದೊರೆಮನೆಯವರು ಇಂಥದ್ದಕ್ಕೆಲ್ಲ ಬಾಯಿ ಬಿಡುವವರಲ್ಲ.

"'ಅನ್ನದ ಬೆಲಿ ತಿಳಿದ ತಾಯಿ, ರಕ್ತದಾಗ ಬಂದೈತಿ.' ಇದು ಶಾಂಭವಿಗೆ," ಎಂದು ಹೊನ್ನೂರಸ್ವಾಮಿ ಓದಿದ. "ನಮ್ಮ ಹುಡುಗಿಗೆ, 'ಕುರ್ಚಿ ಕಾಣದಾಕಿಗೆ ಕುರ್ಚಿ ಕೊಟ್ರ ಹಿಂಗ ನೋಡ್ರಿ.'"

ಈರಮ್ಮ ಸೌಟು ಕೆಳಗಿಟ್ಟು ಮೊಬೈಲು ಕಸಿದುಕೊಂಡಳು. ರೊಟ್ಟಿ ಎತ್ತಿದ ಕೈಯ ಮೇಲೆ, ಮೊಣಕೈಯ ಕೆಳಗೆ, ಉದ್ದನೆಯ ಸುಟ್ಟ ಕಲೆ. ಪಂಪಾವತಿ ಏಳನೇ ಕ್ಲಾಸಿನಲ್ಲಿದ್ದಾಗ ಇದೇ ಬಾಣಲೆಯ ಎಣ್ಣೆ ಸಿಡಿದು ಆದದ್ದು.

"ಲೇ, ಇದು ನನ್ನ ಮಗಳ ಕೈ. ಬರಿ ಅದರಾಗ, ಈಗಿಂದೀಗ ಬರಿ."

ಹೊನ್ನೂರಸ್ವಾಮಿ ಬರೆದ, ಹುಲಿಗೇಶನಿಗೆ ಫೋನೂ ಮಾಡಿದ. ಹುಲಿಗೇಶ್ ಪಂಪಾವತಿಯ ಹಳೆಯ ಫೋಟೋ ಪಕ್ಕದಲ್ಲಿಟ್ಟು ಕಲೆ ಹೋಲಿಸಿ ನೋಡಿ, ಎರಡು ದಿನ ಬಿಟ್ಟು ಹೆಸರು ಅದಲುಬದಲು ಮಾಡಿದ. ಈರಮ್ಮ ಓಣಿಗೆಲ್ಲ ಮಿರ್ಚಿ ಪುಕ್ಕಟೆ ಹಂಚಿ, ಮಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಕೇಳಲು ಕೂತಳು.

ಹೊನ್ನೂರಸ್ವಾಮಿ ಮೊಬೈಲನ್ನು ಜೇಬಿಗಿಳಿಸಲು ನೋಡಿದ.

"ಲೇ, ಓದು," ಎಂದಳು ಈರಮ್ಮ.

"'ಹಸಿದು ಬೆಳೆದಾಕಿ, ನೆಲದ ಮ್ಯಾಲಿಂದೂ ಬಿಡಂಗಿಲ್ಲ.' ಇದು ಬಾದನಹಟ್ಟಿಯ ಯಾವನೋ ಬರದಾನ ಅಕ್ಕಾ."

"ಮತ್ತ ಶಾಂಭವಿಗೆ?"

"'ಕುಂತ್ರ ಹಿಂಗ ಕುಂದರಬೇಕು, ರಾಜಗಾಂಭೀರ್ಯ.'"

ಈರಮ್ಮನಿಗೆ ಮೊದಲು ಅಳು ಬಂತು. ತಾನೇ ಬಾಯಿ ಹಾಕಿ ಮಗಳಿಗೆ ಹೊಸ ಬೈಗುಳ ತರಿಸಿದೆನಲ್ಲ ಎಂದು ಹಣೆ ಹಣೆ ಚಚ್ಚಿಕೊಂಡಳು. ಕಡೆಗೆ ನಗು ಬಂತು, ತಡೆಯಲಾಗದ ನಗು. ರೊಟ್ಟಿ ಎತ್ತಿದರೂ ಬೈಯುವವರು ಎತ್ತದಿದ್ದರೂ ಬೈಯುತ್ತಿದ್ದರು. ಅಂಥವರಿಗೆ ಹೆದರಿ ಮಗಳ ಪಂಚಮಿ ಕೆಡಿಸುವುದೇ?

"ಆಟೋ ತೆಗಿ," ಎಂದಳು. "ಉಂಡಿ ಕಟ್ಟತೀನಿ."

ಕುರುಗೋಡಿನ ದೊರೆಮನೆಯ ಮುಂದೆ ನಾಲ್ಕಾರು ಮೊಬೈಲು ಮೇಲೆದ್ದವು. ಈರಮ್ಮ ಉಂಡಿಯ ಡಬ್ಬಿಯನ್ನು ಸೊಂಟಕ್ಕಿಟ್ಟು, ಹಿತ್ತಿಲ ಬಾಗಿಲ ಕಡೆ ನೋಡದೆ, ತಲೆಬಾಗಿಲಿನಿಂದಲೇ ಒಳಗೆ ಹೋದಳು. ಎದುರಿಗೆ ಬಂದು ಡಬ್ಬಿ ಇಳಿಸಿಕೊಂಡವಳು ಶಾಂಭವಿ. ಅವಳ ಕಣ್ಣು ಇನ್ನೂ ಊದಿಕೊಂಡಿತ್ತು.

"ಬರ್ರಿ ಅವ್ವಾ," ಎಂದಳು ಮೆಲ್ಲಗೆ. "ಎರಡು ದಿನ ನಾ ನಿಮ್ಮ ಮಗಳಾಗಿದ್ದೆ ನೋಡ್ರಿ. ಕುರ್ಚಿಯಾಗ ಕುಂತಿದ್ದಕ್ಕ ಬಂದ ಬೈಗುಳ ಓದಿ ಉಣ್ಣಾಕ ಆಗಲಿಲ್ಲ, ಮಲಗಾಕ ಆಗಲಿಲ್ಲ."

ಈರಮ್ಮ ಅವಳ ಗಲ್ಲ ಸವರಿದಳು. "ನಿಂದು ಮುಗೀತಲ್ಲವ್ವ. ಆಕಿ ಇನ್ನೂ ನನ್ನ ಮಗಳೇ ಅದಾಳ. ಎಲ್ಲಿ ಅದಾಳ, ಕರಿ."