ಗಾಳಿಹಡಗಿನ ಹೊಟ್ಟೆ

"ಮತ್ತ ಕುಸಿದೈತಿ! ಮತ್ತ!"

ಆಳಂದದ ತೊಗರಿ ಗೋದಾಮಿನ ಬಾಗಿಲು ತೆರೆದ ಕೂಡಲೇ ಮಂಜರಿಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ಮೀಟರಿನ ಗಾಳಿಹಡಗಿನ ಚೀಲ ಬಾಲದ ಕಡೆ ಜೋತುಬಿದ್ದಿತ್ತು. ಇದು ಮೂರನೆಯ ಸಲ. ಸಂಜೆ ನಾಲ್ಕು ಗಂಟೆಗೆ ಕಲಬುರಗಿಯಿಂದ ಹಡಗು ಮಾಡಿಸುತ್ತಿದ್ದ ಮಿಲಿಂದ ಸಾಹೇಬರು ಬರುವವರಿದ್ದರು. ಆರು ತಾಸು ಒತ್ತಡ ಇಳಿಯದೆ ನಿಂತರೆ ಅವಳು ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಮಾಡಿದ ಬಟ್ಟೆ ಹಾರುತ್ತದೆ. ಇಳಿದರೆ ಹೊರದೇಶದ ಬಟ್ಟೆ ಬರುತ್ತದೆ, ಇವಳ ಕೆಲಸಕ್ಕೆ ಮಂಗಳ ಹಾಡಿದ ಹಾಗೇ.

ಬಟ್ಟೆಯಲ್ಲಿ ಊನವಿರಲಿಲ್ಲ. ಇಬ್ಬರು ಗಂಡಸರು ಎರಡು ತುದಿ ಹಿಡಿದು ಜಗ್ಗಿದರೂ ಹರಿಯದು, ಚದರ ಮೀಟರಿಗೆ ನೂರೇ ಗ್ರಾಂ ತೂಕ. ಆದರೆ ಹೊಲಿಯುವಂತಿಲ್ಲ, ಸೂಜಿ ಚುಚ್ಚಿದಲ್ಲೆಲ್ಲ ಅನಿಲ ಸೋರುತ್ತದೆ. ಇಸ್ತ್ರಿಯ ಕಾವಿನಿಂದಲೇ ಬೆಸೆಯಬೇಕು. ಅದಕ್ಕೆ ಪಳಗಿದ ಕೈ ಬೇಕೆಂದು ಲಾರಿಗಳಿಗೆ ತಾಡಪತ್ರಿ ಮಾಡಿಕೊಡುವ ಬುರಾನುದ್ದೀನನನ್ನೂ ಕೌದಿ ಹೊಲಿಯುವ ಅವನ ಹೆಂಡತಿ ಪ್ಯಾರಿಬಿಯನ್ನೂ ಅವಳೇ ಹುಡುಕಿ ತಂದಿದ್ದಳು. ಈಗ ಇಬ್ಬರೂ ಅವಳ ಬೆನ್ನ ಹಿಂದೆಯೇ ನಿಂತಿದ್ದರು.

ಸೋರುವ ಜಾಗ ಹುಡುಕಲು ಮಂಜರಿ ಬೆಸುಗೆಯುದ್ದಕ್ಕೂ ಸಾಬೂನಿನ ನೀರು ಸವರುತ್ತ ಹೋದಳು. ಬಾಲದ ಕೊನೆಯ ಮೂಲೆಯಲ್ಲಿ ಬುಳುಬುಳು ನೊರೆ ಎದ್ದಿತು. ಹಿಂದಿನ ಎರಡು ಸಲ ಮೇಲೊಂದು ಪಟ್ಟಿ ಅಂಟಿಸಿ ಸುಮ್ಮನಾಗಿದ್ದಳು. ಈ ಸಲ ಸಿಟ್ಟಿಗೆ ಬೆಸುಗೆಯನ್ನೇ ಕತ್ತರಿಸಿದಳು. ಎರಡು ಪದರಗಳ ನಡುವಿನಿಂದ ಜೋಳದ ರೊಟ್ಟಿಯ ಚೂರು ಉದುರಿತು, ಬೆಲ್ಲದ ಸಮೇತ.

"ಇದೇನ್ರಿ ಖಾಲಾ?"

ಪ್ಯಾರಿಬಿ ಸೆರಗು ಸರಿಮಾಡಿಕೊಂಡಳು. "ಕೌದಿ ಮುಗಸೂಮುಂದ ಕಡೀ ಮೂಲ್ಯಾಗ ರೊಟ್ಟಿ ಇಡ್ತೇವ್ರಿ ಅಕ್ಕಾರ. ಖಾಲಿ ಹೊಟ್ಟೀಲೆ ಬಿಡಬಾರ್ದು. ಇದಂತೂ ಮುಗಿಲಾಗ ಹೋಗೂದು, ಅಲ್ಲಿ ಯಾರ ಕೊಡ್ತಾರ್ರಿ?"

"ಯಾ ಅಲ್ಲಾ!" ಬುರಾನುದ್ದೀನ ಹಣೆ ಬಡಿದುಕೊಂಡ. "ಇದೇನ ಹೊಚ್ಗೊಳ್ಳೂ ಕೌದಿ ಏನಬೇ?"

"ಸೂಜಿ ಬ್ಯಾಡ, ದಾರ ಬ್ಯಾಡ ಅಂತ ಸಾವಿರ ಸಲ ಬಡ್ಕೊಂಡೇನಿ!" ಮಂಜರಿ ಕೂಗಿದಳು. "ರೊಟ್ಟಿ ಬ್ಯಾಡ ಅಂತಾನೂ ಹೇಳಬೇಕಿತ್ತೇನ್ರಿ?"

"ಹೇಳಿದ್ರ ಇಡ್ತಿರಲಿಲ್ಲಲ್ರಿ," ಎಂದಳು ಪ್ಯಾರಿಬಿ, ಮುಖ ಸಣ್ಣದು ಮಾಡಿಕೊಂಡು. ಅದು ನಿಜವೇ ಆಗಿದ್ದರಿಂದ ಮಂಜರಿಗೆ ಇನ್ನಷ್ಟು ಸಿಟ್ಟು ಬಂತು.

ಉಳಿದದ್ದು ಒಂದೇ ಗೇಣು ಬಟ್ಟೆ. ಇಸ್ತ್ರಿ ಹಿಡಿದ ಮಂಜರಿ, ಅದೂ ಸುಟ್ಟುಹೋದೀತೆಂದು ಕೆಳಗಿಟ್ಟಳು. ಪ್ಯಾರಿಬಿ ಇಸ್ತ್ರಿ ಎತ್ತಿಕೊಂಡು, ಬೆರಳ ತುದಿಯಿಂದ ಕಾವು ನೋಡಿ, ಒಂದು ಸುಕ್ಕೂ ಬೀಳದಂತೆ ಪಟ್ಟಿ ಕೂಡಿಸಿದಳು. ಹತ್ತು ಗಂಟೆಗೆ ಚೀಲ ಬಿಗಿಯಾಗಿ ತುಂಬಿತು. ಆಮೇಲೆ ಮೂವರೂ ಒತ್ತಡದ ಮುಳ್ಳನ್ನೇ ನೋಡುತ್ತ ಕೂತರು. ಊಟಕ್ಕೂ ಏಳಲಿಲ್ಲ.

ನಾಲ್ಕಕ್ಕೆ ಮಿಲಿಂದ ಬಂದಾಗ ಮುಳ್ಳು ಇದ್ದಲ್ಲೇ ಇತ್ತು. ಅವರು ಚೀಲವನ್ನು ಎರಡು ಸಲ ತಟ್ಟಿ ನೋಡಿದರು. "ಇದ ಬಟ್ಟೀನ ಹಾರಸೂಣು. ತೂಕದ ಪಟ್ಟಿ ಬರದ ಕೊಡ್ರಿ. ಒಂದ ಗ್ರಾಂ ಸೈತ ಬಿಡಬ್ಯಾಡ್ರಿ," ಎಂದು ಫೋನು ಹಿಡಿದು ಹೊರಗೆ ಹೋದರು.

ಮಂಜರಿ ಬರೆಯಲು ಕೂತಳು. ಪ್ಯಾರಿಬಿ ಇಸ್ತ್ರಿಯ ವೈರು ಸುತ್ತುತ್ತ ಬಾಲದ ಮೂಲೆಯ ಕಡೆಗೇ ನೋಡುತ್ತಿದ್ದಳು.

"ಈಗೇನ್ರಿ ಮತ್ತ?"

"ಏನಿಲ್ರಿ ಅಕ್ಕಾರ."

"ಥೂ, ಏನ ಕಾಟ ಇದು!" ಗೊಣಗುತ್ತ ಮಂಜರಿ ಎದ್ದಳು. ಮೇಜಿನ ಮೇಲಿದ್ದ ರೊಟ್ಟಿಯ ಚೂರನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ ತೂಗಿದಳು. ಚೀಲದ ಕೆಳಗಿನ ಕೊಂಡಿಗೆ ಬಿಗಿಯಾಗಿ ಕಟ್ಟಿದಳು. ಆಮೇಲೆ ತೂಕದ ಪಟ್ಟಿಯ ಕೊನೆಯ ಸಾಲಿನಲ್ಲಿ ಬರೆದಳು: ರೊಟ್ಟಿ, ಏಳು ಗ್ರಾಂ.