ಇನ್ನೊಂದು ಕಾಲು ಸುತ್ತು

ನನ್ನ ಮೊದಲ ಗಂಡ ಓನ್ನಿ ಒಳ್ಳೆಯವನೇ. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಬಿಗಿ ಮಾಡುವ ಚಾಳಿ ಅವನಿಗೆ. ಜಾಮಿನ ಬಾಟಲಿ, ನಲ್ಲಿ, ಕಿಟಕಿಯ ಚಿಲಕ, ಯಾವುದನ್ನೂ ಬಿಡುತ್ತಿರಲಿಲ್ಲ. ರೊಟ್ಟಿಗೆ ಒಂದು ಚಮಚ ಜಾಮ್ ಬೇಕಿದ್ದರೂ ಅವನು ಕೆಲಸದಿಂದ ಬರುವ ತನಕ ಕಾಯಬೇಕಿತ್ತು. ಅವನು ತೀರಿಕೊಂಡ ಮೇಲೆ ಅಡುಗೆಮನೆಯ ನಲ್ಲಿ ತಿರುಗಿಸಲು ಪ್ಲಂಬರನನ್ನೇ ಕರೆಸಿದೆ. ನಾನು ಅತ್ತದ್ದು ಓನ್ನಿಗಾಗಿಯೋ ನಲ್ಲಿಗಾಗಿಯೋ ಆ ಪ್ಲಂಬರನಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿಯಲಿಲ್ಲ.

ಹಾಗಾಗಿ ಚರ್ಚಿನ ಯಂತ್ರಗಳನ್ನು ನೋಡಿಕೊಳ್ಳುವ ಟೌನೊ, ಒಂದು ಶನಿವಾರ ಸೌನಾದ ಹಬೆಸ್ನಾನ ಮುಗಿಸಿ, ಕಾಫಿಯ ಬಟ್ಟಲನ್ನೇ ನೋಡುತ್ತಾ ‘ಮದುವೆ ಆಗೋಣ್ವಾ ಹಿಲ್ಯಾ’ ಎಂದು ಕೇಳಿದಾಗ ನಾನು ಒಂದೇ ಷರತ್ತು ಹಾಕಿದೆ.

“ಆಗೋಣ. ಆದ್ರೆ ಒಂದ್ಸಲ ಬಿಗಿಯಾಗಿರೋದನ್ನ ನೀನು ಮತ್ತೆ ಮುಟ್ಟಬಾರ್ದು. ಮುಟ್ಟಿದ್ದು ಕಂಡ್ರೆ ನನ್ನ ಮನೆ ನನಗೆ, ನಿನ್ನ ಮನೆ ನಿನಗೆ.”

“ಆಯ್ತು,” ಎಂದ. ಟೌನೊನ ಪಾಲಿಗೆ ಅದೇ ದೊಡ್ಡ ಭಾಷಣ.

ಫೆಬ್ರವರಿಯ ಒಂದು ಶನಿವಾರಕ್ಕೆ ಮದುವೆ ಗೊತ್ತಾಯಿತು. ಸುಪೀರಿಯರ್ ಸರೋವರದೊಳಗೆ ಚಾಚಿಕೊಂಡಿರುವ ನಮ್ಮ ಕೀವನಾದಲ್ಲಿ ಆ ತಿಂಗಳು ಆ ಸರೋವರ ತನ್ನಲ್ಲಿರುವುದನ್ನೆಲ್ಲ ಹಿಮವಾಗಿಸಿ ತಂದು ನಮ್ಮ ತಲೆಯ ಮೇಲೇ ಸುರಿಯುತ್ತದೆ. ಚರ್ಚಿನ ಅಂಗಳದ ಹಿಮ ಎಸೆಯಲು ಒಂದು ಸ್ನೋ ಬ್ಲೋವರ್ ಇದೆ. ಅದರ ಬಾಯಿಯ ಎರಡು ಬದಿಗೆ, ನೆಲಕ್ಕೆ ತಾಗಿಕೊಂಡು ಜಾರುವ ಪಾದಗಳಿರುತ್ತವೆ. ಹಳೆಯ ಕಬ್ಬಿಣದ ಪಾದಗಳು ಹೊಸ ಇಟ್ಟಿಗೆ ಹಾದಿಯನ್ನು ಗೀರಿದವೆಂದು ಚರ್ಚಿನ ಸಮಿತಿ ಪ್ಲಾಸ್ಟಿಕ್ಕಿನ ಪಾದ ತರಿಸಿತು. ಜೋಡಿಸುವ ಕೆಲಸ ಟೌನೊನ ಪಾಲಿಗೆ ಬಂತು.

ನಾನು ಆ ವಾರವೆಲ್ಲ ಚರ್ಚಿನ ಅಡುಗೆಮನೆಯಲ್ಲಿ ಮದುವೆಗೆ ಏಲಕ್ಕಿ ಹಾಕಿದ ನಿಸು ರೊಟ್ಟಿ ಬೇಯಿಸುತ್ತಿದ್ದೆ. ಅಲ್ಲಿಯ ಕಿಟಕಿಯಿಂದ ಯಂತ್ರದ ಕೊಟ್ಟಿಗೆ ನೇರವಾಗಿ ಕಾಣುತ್ತದೆ. ಟೌನೊ ಮೊದಲು ಬೋಲ್ಟುಗಳನ್ನೆಲ್ಲ ಬರಿಗೈಯಲ್ಲೇ ಕೂರಿಸಿದ. ಆಮೇಲೆ ಸ್ಪ್ಯಾನರ್ ಹಿಡಿದು ಇದನ್ನು ಸ್ವಲ್ಪ, ಅದನ್ನು ಸ್ವಲ್ಪ, ಮತ್ತೆ ಇದನ್ನು ಸ್ವಲ್ಪ ತಿರುಗಿಸಿದ. ಬೋಲ್ಟಿನ ಕೆಳಗಿನ ವಾಷರ್ ಬಳೆ ಮಟ್ಟಸವಾಗಿ ಕೂತದ್ದೇ ಕೈ ತೆಗೆದ.

“ಅಷ್ಟೇನಾ?” ಎಂದು ಕಿಟಕಿಯಿಂದ ಕೇಳಿದೆ.

“ಪ್ಲಾಸ್ಟಿಕ್ಕು, ಹೆಚ್ಚು ಬಿಗಿದ್ರೆ ಸೀಳುತ್ತೆ. ಸಾಕು ಅಂದಾಗ ಬಿಡ್ಬೇಕು.”

ಕೈಯೆಲ್ಲ ಹಿಟ್ಟಾಗಿತ್ತು. ಇಲ್ಲದಿದ್ದರೆ ಅಲ್ಲೇ ಓಡಿಹೋಗಿ ಮುತ್ತು ಕೊಡುತ್ತಿದ್ದೆ.

ಮರುದಿನ ಸಮಿತಿಯ ಅಧ್ಯಕ್ಷ ಆರ್ವಿಡ್ ಬಂದ. ಅತ್ತಿತ್ತ ನೋಡಿ ಜೇಬಿನಿಂದ ಸ್ಪ್ಯಾನರ್ ತೆಗೆದ.

“ಏನೋ ಮಾಡ್ತಿದೀಯಾ ಆರ್ವಿಡ್?”

“ಸುಮ್ನೆ ನೋಡ್ದೆ ಕಣೆ. ಟೌನೊ ಮಾಡಿದ್ಮೇಲೆ ಮಾತಾಡೋ ಹಾಗೇ ಇಲ್ಲ. ಆದ್ರೂ ಒಂದು ಕಾಲು ಸುತ್ತು... ಮನಸ್ಸಿಗೆ ಸಮಾಧಾನ.”

ಹಿಂದೆಯೇ ಶಾಲೆಯ ಬಸ್ಸು ಓಡಿಸುತ್ತಿದ್ದ ವಿಲ್ಹೊ ಬಂದ. ಅವನ ಸ್ಪ್ಯಾನರಿನ ಹಿಡಿ ಇನ್ನೂ ಉದ್ದ.

“ಆರ್ವಿಡ್ ಆಗ್ಲೇ ನೋಡಿದಾನಪ್ಪ,” ಎಂದೆ.

“ಅವ್ನು ನೋಡಿದಾನೆ ಅಂತಾನೇ ಬಂದೆ,” ಎಂದ.

ಕೊನೆಗೆ ಪಾದ್ರಿಗಳೂ ಬಂದರು. ಅವರ ಬಳಿ ಸ್ಪ್ಯಾನರ್ ಇರಲಿಲ್ಲ, ವಿಲ್ಹೊನದನ್ನೇ ಎರವಲು ತಂದಿದ್ದರು. “ದೇವರ ಕೆಲಸ ಅಲ್ವೇನಮ್ಮ, ನಮ್ಮದೂ ಒಂದು ಕಾಲು ಸುತ್ತು ಇರ್ಲಿ,” ಎಂದರು.

ನಮ್ಮೂರಿನಲ್ಲಿ ಒಬ್ಬನ ಕೆಲಸ ಸರಿಯಿಲ್ಲವೆಂದು ಅವನ ಮುಖಕ್ಕೆ ಹೇಳುವುದು ಮಹಾ ಅವಮರ್ಯಾದೆ. ಅವನು ಅತ್ತ ಹೋದ ಮೇಲೆ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿಡುತ್ತಾರೆ. ಅದಕ್ಕೆ ಇಲ್ಲಿ ಸಹಾಯ ಎಂದು ಹೆಸರು. ನಾನೂ ಇದೇ ಊರಿನವಳಾದ್ದರಿಂದ ಬಾಯಿ ಮುಚ್ಚಿಕೊಂಡು ಹಿಟ್ಟು ನಾದಿದೆ.

ಶುಕ್ರವಾರ ಸಂಜೆ ಕೊಟ್ಟಿಗೆಗೆ ಟೌನೊ ಬಂದ. ಕೈಯಲ್ಲಿ ಸ್ಪ್ಯಾನರ್ ಇತ್ತು. ಬಗ್ಗಿದ, ಬಗ್ಗಿಯೇ ಇದ್ದ, ಎದ್ದು ತಲೆ ತಗ್ಗಿಸಿ ಹೊರಟುಹೋದ. ಇವನೂ ಓನ್ನಿಯೇ, ಹೆಸರು ಮಾತ್ರ ಬೇರೆ ಎಂದುಕೊಂಡೆ. ಒಲೆಯೊಳಗಿದ್ದ ರೊಟ್ಟಿ ಸೀದುಹೋಯಿತು.

ಶನಿವಾರ ಬೆಳಿಗ್ಗೆ ಮೊಣಕಾಲುದ್ದ ಹಿಮ. ಮದುವೆಯ ಸೂಟಿನ ಮೇಲೆ ದಪ್ಪ ಕೋಟು ಹಾಕಿಕೊಂಡು ಟೌನೊನೇ ಯಂತ್ರ ಹೊರಡಿಸಿದ. ಚರ್ಚಿನ ಮೆಟ್ಟಿಲ ಹತ್ತಿರ ಒಂದು ಇಟ್ಟಿಗೆ ಎದ್ದಿತ್ತು. ಪಾದ ಅದಕ್ಕೆ ಮೆಲ್ಲಗೆ ತಾಗಿತಷ್ಟೆ, ಬೋಲ್ಟಿನ ತೂತಿನಿಂದ ಫಟ್ಟನೆ ಎರಡು ಹೋಳಾಯಿತು. ಯಂತ್ರ ಒಂದು ಕಡೆಗೆ ವಾಲಿ, ಹೊಸ ಇಟ್ಟಿಗೆಗಳನ್ನು ಕಚ್ಚಿಕೊಂಡು ನಿಂತುಬಿಟ್ಟಿತು.

ಸಮಿತಿ ಸುತ್ತ ನೆರೆಯಿತು.

“ಸಡಿಲ ಬಿಟ್ಟಿದ್ದ ಅನ್ಸುತ್ತೆ,” ಎಂದ ಆರ್ವಿಡ್.

“ಸಡಿಲ ಇದ್ರೆ ಅಲ್ಲಾಡಿ ಅಲ್ಲಾಡಿನೇ ಒಡೆಯೋದು,” ಎಂದ ವಿಲ್ಹೊ. ಪಾದ್ರಿಗಳು ಮರುಕದಿಂದ ತಲೆಯಾಡಿಸಿದರು.

ಟೌನೊ ಬಗ್ಗಿ ಪಾದದ ಹೋಳುಗಳನ್ನು ಹೆಕ್ಕಿಕೊಂಡ. ಚರ್ಚಿನ ಬಾಗಿಲಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಬೂಟು ಹಾಕಿಕೊಂಡು, ಲಂಗ ಎತ್ತಿಕೊಂಡು ಅಂಗಳಕ್ಕಿಳಿದೆ.

“ಯಾರ್ಯಾರ ಹತ್ರ ಸ್ಪ್ಯಾನರ್ ಇದೆ, ತೆಗೀರಿ ನೋಡೋಣ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಮೂವರೂ ಜೇಬು ಮುಟ್ಟಿ ನೋಡಿಕೊಂಡರು.

“ನಾನು ಒಂದೇ ಒಂದು ಕಾಲು ಸುತ್ತು ಕಣೆ.”

“ನಂದೂ ಅಷ್ಟೆ.”

“ನಮ್ಮದಂತೂ ಅಷ್ಟೂ ಇಲ್ಲಮ್ಮ.”

ಒಟ್ಟಿನಲ್ಲಿ ಪಾದವನ್ನು ಯಾರೂ ಒಡೆದಿರಲಿಲ್ಲ. ನಾನು ಟೌನೊನ ಕಡೆ ತಿರುಗಿದೆ. ಕೇಳುವುದಕ್ಕೇ ಭಯವಾಗಿತ್ತು, ಆದರೂ ಕೇಳಿದೆ.

“ನೀನು? ನಿನ್ನೆ ಸಂಜೆ ನೀನೂ ಬಂದಿದ್ದೆ.”

“ಬಂದಿದ್ದೆ. ವಾಷರ್ ಪ್ಲಾಸ್ಟಿಕ್ಕಿನೊಳಗೆ ಇಳಿದುಬಿಟ್ಟಿತ್ತು. ಯಾರೋ ಸಿಕ್ಕಾಪಟ್ಟೆ ಬಿಗಿದಿದಾರೆ ಅಂತ ಗೊತ್ತಾಯ್ತು.”

“ಮತ್ತೆ ಸಡಿಲ ಮಾಡೋದಲ್ವೇನೋ!”

“ಬಿಗಿಯಾಗಿರೋದನ್ನ ಮುಟ್ಟಬಾರ್ದು ಅಂದಿದ್ದೆಯಲ್ಲ. ಮುಟ್ಟಿದ್ರೆ ನಿನ್ನ ಮನೆ ನಿನಗೆ ಅಂತ.” ಹಿಮದ ಕಡೆ ನೋಡುತ್ತಾ ಹೇಳಿದ. “ನಂಗೆ ಈ ಯಂತ್ರ ಹೋದ್ರೂ ಪರವಾಗಿಲ್ಲ ಅನ್ನಿಸ್ತು.”

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಇವರದ್ದೆಲ್ಲ ಕಾಲು ಸುತ್ತು, ಈ ಮನುಷ್ಯನಿಗೆ ನಾನು ಹಾಕಿದ್ದು ಪೂರಾ ಸುತ್ತು. ಉಸಿರಾಡಲೂ ನನ್ನ ಅಪ್ಪಣೆ ಬೇಕೆನ್ನುವಂತೆ ಮಾಡಿಟ್ಟಿದ್ದೆ.

“ಆ ಮಾತು ವಾಪಸ್ ತಗೊಂಡೆ ಕಣೋ,” ಎಂದೆ. “ಸಡಿಲ ಮಾಡೋದಾದ್ರೆ ಮುಟ್ಟು.”

“ಆಯ್ತು,” ಎಂದ.

ಆಮೇಲೆ ಎಲ್ಲರೂ ಮನೆಮನೆಯಿಂದ ತಳ್ಳುಸಲಿಕೆ ತಂದು ಹಿಮ ತಳ್ಳಿದರು. ಮುಹೂರ್ತ ಮೀರಿತ್ತು, ಕಾಫಿ ಆರಿತ್ತು. ಉಂಗುರ ತೊಡಿಸುವಾಗ ಅದು ನನ್ನ ಊದಿದ ಬೆರಳಿನ ಗೆಣ್ಣಿಗೆ ಬಂದು ನಿಂತುಬಿಟ್ಟಿತು.

“ಇನ್ನೊಂಚೂರು ಒತ್ತು,” ಎಂದು ಪಾದ್ರಿಗಳು ಪಿಸುಗುಟ್ಟಿದರು.

“ತಿರುಗಿಸಿ ಒತ್ತೋ!” ಎಂದ ಮುಂದಿನ ಸಾಲಿನಿಂದ ಆರ್ವಿಡ್. ವಿಲ್ಹೊ ಅರ್ಧ ಎದ್ದೇಬಿಟ್ಟಿದ್ದ.

ಟೌನೊ ನನ್ನ ಮುಖ ನೋಡಿದ. ಉಂಗುರದಿಂದ ಕೈ ತೆಗೆದ.

“ಇಲ್ಲೇ ಇರ್ಲಿ. ಸಾಕು.”

ನಾನು ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ. ಈ ಸಲ ಯಾರಿಗಾಗಿ ಅಳುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು.